ಗ್ರಂಥಪಾಲಕರ ಮೇಜಿನಿಂದ ಹೊರಟ ಸಂಶೋಧನೆ

1905ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಚಾಣಕ್ಯನ ಭೂಕಂದಾಯ ನೀತಿಯ ಬಗ್ಗೆ ಒಂದು ಲೇಖನ ಅಚ್ಚಾಯಿತು. ಪತ್ರಿಕೆ ಮುಂಬೈಯದು, ಜೇಮ್ಸ್ ಬರ್ಜೆಸ್ 1872ರಲ್ಲಿ ಶುರುಮಾಡಿದ್ದು. ಬರೆದವರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕ ರುದ್ರಪಟ್ಟಣದ ಶಾಮಶಾಸ್ತ್ರಿ. ಕೌಟಿಲ್ಯನ ಅರ್ಥಶಾಸ್ತ್ರ ಒಂದು ಕಾಲಕ್ಕೆ ಇತ್ತು ಎಂಬುದು ಹಳೆಯ ಕವಿಗಳ, ವ್ಯಾಖ್ಯಾನಕಾರರ ಮಾತಿನಿಂದ ವಿದ್ವಾಂಸರಿಗೆ ತಿಳಿದಿತ್ತು. ಪೂರ್ತಿ ಗ್ರಂಥವನ್ನು ಕಂಡವರು ಮಾತ್ರ ಅವರಲ್ಲಿ ಯಾರೂ ಇರಲಿಲ್ಲ.

ಅದು ಶಾಮಶಾಸ್ತ್ರಿಗಳ ಕೈಗೆ ಬಂದದ್ದು ಅವರು ಆ ಕುರ್ಚಿಯಲ್ಲಿ ಕೂತಿದ್ದರಿಂದಲೇ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಲೈಬ್ರರಿಗೆ ಒಪ್ಪಿಸಿದರು. ಬರಹ ಗ್ರಂಥ ಲಿಪಿಯದು, ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದಿಷ್ಟು ಭಾಗ. ಚಾಮರಾಜ ಒಡೆಯರ್ ಅವರ ಕಾಲದಲ್ಲಿ, 1891ರಲ್ಲಿ, ಆ ಲೈಬ್ರರಿ ಹುಟ್ಟಿದ್ದೇ ಇಂಥ ಕಟ್ಟುಗಳನ್ನು ಕೂಡಿಸಲು, ನಕಲು ಮಾಡಿಸಲು, ಅಚ್ಚು ಹಾಕಿಸಲು. ಓಲೆಗರಿ ಓದುವುದು ಸುಲಭದ ಕೆಲಸವಲ್ಲ. ಕಂಟದಿಂದ ಕೊರೆದ ಅಕ್ಷರ ಮಸಿ ಸವರಿ ಒರೆಸಿದ ಮೇಲೆಯೇ ಎದ್ದು ಕಾಣುವುದು. ಪದಗಳ ನಡುವೆ ತೆರಪಿಲ್ಲ, ಗರಿಗಳು ಅದಲುಬದಲಾಗಿರಬಹುದು, ಹುಳು ತಿಂದ ಕಡೆ ಸಾಲೇ ಇಲ್ಲದಿರಬಹುದು. ಯಾದಿಯಲ್ಲಿ ಒಂದು ಸಾಲು ಬರೆಯಬೇಕಾದರೂ ಗ್ರಂಥಪಾಲಕ ಅದರ ಆದಿ ಅಂತ್ಯಗಳನ್ನು ಓದಿ, ಇದು ಯಾರ ಯಾವ ಕೃತಿ ಎಂದು ತೀರ್ಮಾನಿಸಬೇಕು. ಶಾಮಶಾಸ್ತ್ರಿಗಳ ಮಹತ್ವ ಮೊದಲು ಇರುವುದು ಇಲ್ಲಿ. ತಮ್ಮ ಮುಂದಿದ್ದ ಕಟ್ಟು ಏನೆಂಬುದನ್ನು ಅವರು ಗುರುತಿಸಿದರು.

ಗುರುತಿಸಿ ಬೀರುವಿನಲ್ಲಿ ಇಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಭಾಗಭಾಗವಾಗಿ ಇಂಗ್ಲಿಷಿಗೆ ತಂದು ಪತ್ರಿಕೆಗಳಿಗೆ ಕಳಿಸಿದರು. 1909ರಲ್ಲಿ ಮೂಲಪಾಠವನ್ನು ಸಂಪಾದಿಸಿ ಮೈಸೂರು ಸರ್ಕಾರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಹೊರತಂದರು. ಪೂರ್ಣ ಅನುವಾದ ಬಂದದ್ದು 1915ರಲ್ಲಿ. ಅದಕ್ಕೆ ಪ್ರಸ್ತಾವನೆಯ ಮಾತು ಬರೆದವರು ಜೆ. ಎಫ್. ಫ್ಲೀಟ್, ಮುಂಬೈ ಪ್ರಾಂತದ ಅಧಿಕಾರಿಯಾಗಿ ಕನ್ನಡ ಶಾಸನಗಳನ್ನು ಓದಿ, ಮುಂಬೈ ಗೆಜೆಟಿಯರಿಗೆ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದುಕೊಟ್ಟವರು. ಸಂಗ್ರಹ, ಯಾದಿ, ಸಂಪಾದನೆ, ಅನುವಾದ, ಪ್ರಕಟಣೆ ಎಲ್ಲವೂ ಒಬ್ಬರೇ ಗ್ರಂಥಪಾಲಕರ ಮೇಜಿನಿಂದ ಹೊರಟಿತು. ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರದ ಚಿಂತನೆ ಇರಲಿಲ್ಲ ಎಂಬ ವಾದ ಆಮೇಲೆ ನಿಲ್ಲುವುದು ಕಷ್ಟವಾಯಿತು.

ಈ ಕತೆಯ ಇನ್ನೊಂದು ತುದಿಯೂ ಮುಂಬೈಯಲ್ಲೇ ಇದೆ. ಎಲ್ಫಿನ್‌ಸ್ಟನ್ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಆರ್. ಪಿ. ಕಾಂಗಲೆ ಅರ್ಥಶಾಸ್ತ್ರದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಮಾಡಿದರು. ಮುಂಬೈ ವಿಶ್ವವಿದ್ಯಾಲಯ ಅದನ್ನು 1960ರಿಂದ 1965ರ ನಡುವೆ ಮೂರು ಭಾಗಗಳಲ್ಲಿ ಪ್ರಕಟಿಸಿತು. ಮೈಸೂರಿನ ಪಾಠ, ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ತಂದ ಪಾಠ, ಬೇರೆಡೆ ಸಿಕ್ಕ ಹಸ್ತಪ್ರತಿಗಳು, ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಅದು. ಅಂಥ ಕೆಲಸ ನಡೆಯಬೇಕಾದರೆ ಒಂದೊಂದು ಪ್ರತಿಯೂ ಎಲ್ಲೋ ಒಂದು ಗ್ರಂಥಾಲಯದಲ್ಲಿ ಗುರುತು ಸಿಗುವಂತೆ ಉಳಿದಿರಬೇಕು.

ಮುಂಬೈಗೂ ಕನ್ನಡ ವಿದ್ಯೆಗೂ ಇರುವ ನಂಟನ್ನು ಈಗ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದಾಗ ಸೇರಿದ್ದು ಮುಂಬೈ ವಿಶ್ವವಿದ್ಯಾಲಯಕ್ಕೆ. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಕೆಲಸ ಶುರುಮಾಡಿದ್ದು ಮುಂಬೈಯಲ್ಲಿಯೇ. ಧಾರವಾಡಕ್ಕೆ ಹೋದದ್ದು ಮರುವರ್ಷ. ರಾಜಾಬಾಯಿ ಗೋಪುರದ ಕೆಳಗಿನ ವಿಶ್ವವಿದ್ಯಾಲಯ ಗ್ರಂಥಾಲಯ ಹೀಗೆ ಉತ್ತರ ಕರ್ನಾಟಕದ ಪದವೀಧರರಿಗೂ ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯವೇ ಆಗಿತ್ತು. ಇವತ್ತು ರಬಾಳೆಯಲ್ಲೋ ಡೊಂಬಿವಲಿಯಲ್ಲೋ ಮನೆಮಾಡಿಕೊಂಡು ಕನ್ನಡ ಎಂ.ಎ. ಓದಬೇಕೆನ್ನುವವರು ಹೋಗುವುದು ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ. ರಬಾಳೆಯವರಾದರೆ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಠಾಣೆ, ಅಲ್ಲಿ ಗಾಡಿ ಬದಲಿಸಿ ಕುರ್ಲಾ, ಮುಂದೆ ಬಸ್ಸೋ ರಿಕ್ಷಾವೋ. ಸುತ್ತಲಿನ ಊರುಗಳಲ್ಲಿ ಹಳೆಯ ವಾಚನಾಲಯಗಳಿಗೆ ಬರವಿಲ್ಲ; ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಕನ್ನಡದ ಆಕರಗಳಿಗೆ ಮಾತ್ರ ಕಲೀನಾವರೆಗೆ ಹೋಗಬೇಕು.

ಆ ಕನ್ನಡ ವಿಭಾಗಕ್ಕೆ ಒಂದು ಕಾಲದಲ್ಲಿ ಮುಖ್ಯಸ್ಥರಾಗಿದ್ದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರಾಗಿದ್ದವರು. ಹುಟ್ಟಿದ್ದು 1928ರಲ್ಲಿ. 1974ರಲ್ಲಿ ಬಂದ ಅವರ ‘ಹೊಸಗನ್ನಡದ ಅರುಣೋದಯ’ ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ನೋಡುವ ರೀತಿಯನ್ನೇ ಬದಲಿಸಿತು. ಹೊಸಗನ್ನಡ ಸಾಹಿತ್ಯ ಇಪ್ಪತ್ತನೆಯ ಶತಮಾನದ ನವೋದಯದೊಂದಿಗೇ ಕಣ್ತೆರೆಯಿತು ಎಂಬ ನಂಬಿಕೆ ಗಟ್ಟಿಯಾಗಿದ್ದ ದಿನಗಳವು. ಅದಕ್ಕೂ ಹಿಂದಿನ ಶಾಲಾ ಪಠ್ಯಗಳು, ಮಿಶನರಿಗಳ ಪುಸ್ತಿಕೆಗಳು, ನಿಂತುಹೋದ ನಿಯತಕಾಲಿಕಗಳು, ಅನುವಾದಗಳು, ವ್ಯಾಕರಣ ನಿಘಂಟುಗಳು ಸೇರಿ ಹೊಸ ಗದ್ಯಕ್ಕೆ ನೆಲ ಹದಮಾಡಿದ್ದವು ಎಂಬುದನ್ನು ಹಾವನೂರರು ಆಕರಗಳ ಸಮೇತ ತೋರಿಸಿದರು. ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ದಂಥ ಪತ್ರಿಕೆಗಳು ಈ ಚಿತ್ರದಲ್ಲಿ ತಮ್ಮ ಜಾಗ ಪಡೆದವು.

ಈ ಪುಸ್ತಕದ ಹಿಂದೆ ಗ್ರಂಥಪಾಲಕನ ಕಣ್ಣು ಸ್ಪಷ್ಟವಾಗಿ ಕಾಣುತ್ತದೆ. ಸಾಹಿತ್ಯ ವಿಮರ್ಶಕ ಒಳ್ಳೆಯ ಕೃತಿಯನ್ನು ಆರಿಸುತ್ತಾನೆ. ಗ್ರಂಥಪಾಲಕನಿಗೆ ಹರಿದ ರಕ್ಷಾಪುಟದ ಲೆಕ್ಕದ ಪುಸ್ತಕವೂ ದಾಖಲೆಯೇ: ಎಲ್ಲಿ ಅಚ್ಚಾಯಿತು, ಯಾವ ವರ್ಷ, ಯಾರಿಗಾಗಿ, ಎಷ್ಟನೆಯ ಮುದ್ರಣ? ಈ ಪ್ರಶ್ನೆಗಳನ್ನು ಬಿಡದೆ ಕೇಳಿದ್ದರಿಂದಲೇ ಒಂದು ಶತಮಾನದ ಗದ್ಯ ಮತ್ತೆ ಓದುಗರ ಎದುರಿಗೆ ಬಂತು. ಮುಂದೆ ಹಾವನೂರರು ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿರುವ ಬಾಸೆಲ್ ಮಿಶನ್ ದಾಖಲೆಗಳ ಜೊತೆಗೂ ಕೆಲಸ ಮಾಡಿದರು. 2010ರಲ್ಲಿ ಅವರು ತೀರಿಕೊಂಡರು. ಕನ್ನಡ ಮುದ್ರಣದ ಚರಿತ್ರೆ ಬರೆಯುವ ಯಾರೂ ಅವರನ್ನು ದಾಟಿಕೊಂಡು ಮುಂದೆ ಹೋಗಲಾರರು.

ಗ್ರಂಥಪಾಲನೆಗೆ ಶಾಸ್ತ್ರದ ಬಲ ಕೊಟ್ಟ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮಂಗಳೂರಿನ ಕಾಲೇಜುಗಳೂ ಆಗ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಓದುಗನ ಹೊತ್ತು ಉಳಿಸಬೇಕು ಎಂಬುದನ್ನು ಅವರು ತಮ್ಮ ಐದು ಸೂತ್ರಗಳಲ್ಲಿ ಒಂದನ್ನಾಗಿ 1931ರಲ್ಲೇ ನಿಲ್ಲಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆಶ್ರಯದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿಆರ್‌ಟಿಸಿ, ತೆರೆಯಿತು. ವಿಜ್ಞಾನಿಗೆ ಬೇಕಾದ ಲೇಖನವನ್ನು ಅವನು ಕೇಳುವ ಮೊದಲೇ ಹುಡುಕಿ ಮುಂದಿಡುವಂಥ ಗ್ರಂಥಪಾಲಕರನ್ನು ತಯಾರು ಮಾಡುವುದು ಅದರ ಗುರಿಯಾಗಿತ್ತು.

ಬೆಂಗಳೂರಿನಲ್ಲೇ ಮುಂದಿನ ಹೆಜ್ಜೆಯೂ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಬಿ. ರಾಜಶೇಖರ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ‘ಇ-ಪ್ರಿಂಟ್ಸ್’ ಎಂಬ ತೆರೆದ ಭಂಡಾರ ಆರಂಭಿಸಿದರು. ಸಂಸ್ಥೆಯ ವಿಜ್ಞಾನಿಗಳು ಬರೆದ ಪ್ರಬಂಧಗಳನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಓದಲಿ ಎಂಬುದು ಉದ್ದೇಶ. ಭಾರತದ ವಿದ್ಯಾಸಂಸ್ಥೆಗಳಲ್ಲಿ ಇಂಥದ್ದು ಅದೇ ಮೊದಲು. ಸಂಶೋಧನೆಗೆ ಹಣ ಕೊಟ್ಟ ದೇಶವೇ ಅದರ ಫಲ ಓದಲು ಪ್ರಕಾಶಕರಿಗೆ ಮತ್ತೆ ದುಡ್ಡು ತೆರುವ ಪದ್ಧತಿಯನ್ನು ಪ್ರಶ್ನಿಸಿದವರಲ್ಲಿ ಗ್ರಂಥಪಾಲಕರು ಮುಂದಿದ್ದರು ಎಂಬುದನ್ನು ಮರೆಯಬಾರದು. ರಾಜಶೇಖರ್ 2005ರಲ್ಲಿ ತೀರಿಕೊಂಡರು. ಭಂಡಾರ ಬೆಳೆಯುತ್ತಲೇ ಹೋಯಿತು.

ಈಗ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರಕ್ಕೆ ಸೇರುತ್ತವೆ, ಯುಜಿಸಿಯ 2009ರ ನಿಯಮ ಅದಕ್ಕೆ ದಾರಿ ಮಾಡಿತು. ಕೃತಿಚೌರ್ಯದ ತಪಾಸಣೆ, ಯಾವ ಪತ್ರಿಕೆ ನಂಬಲರ್ಹ, ಯಾವುದು ಹಣ ಕೀಳುವ ದಂಧೆ ಎಂದು ಹೇಳುವುದು ಎಲ್ಲ ಗ್ರಂಥಪಾಲಕರ ಪಾಲಿಗೆ ಬಂದಿದೆ. ‘ಒಂದು ದೇಶ ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಅದು ಕೊಳ್ಳುವುದು ಅಂತಾರಾಷ್ಟ್ರೀಯ ಪ್ರಕಾಶಕರ ಪತ್ರಿಕೆಗಳನ್ನು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ದೊಡ್ಡ ವರ. ಕನ್ನಡದ ವಿದ್ಯಾರ್ಥಿಗೆ ಬೇಕಾದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆ ಆ ಚಂದಾದಲ್ಲಿ ಸಿಗುವಂಥದ್ದಲ್ಲ.

ಕನ್ನಡದ ಪ್ರಬಂಧಗಳಿಗೆ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪುಟ ಪರದೆಯ ಮೇಲೆ ಕನ್ನಡವಾಗಿಯೇ ಕಾಣುತ್ತದೆ, ಆದರೆ ಹುಡುಕುಪೆಟ್ಟಿಗೆಯಲ್ಲಿ ‘ಹರಿದಾಸ’ ಎಂದು ಹೊಡೆದರೆ ಏನೂ ಸಿಗದು, ಏಕೆಂದರೆ ಒಳಗಿರುವ ಸಂಕೇತಗಳು ರೋಮನ್ ಅಕ್ಷರಗಳವು. ಸ್ಕ್ಯಾನ್ ಮಾಡಿ ಚಿತ್ರವಾಗಿಸಿದ ಪುಟದ ಪಾಡೂ ಅದೇ. ಪ್ರಬಂಧ ಭಂಡಾರದಲ್ಲಿದ್ದೂ ಸಂಶೋಧಕನಿಗೆ ಇಲ್ಲದಂತೆ. ಅವನ್ನು ಯೂನಿಕೋಡಿಗೆ ತಿರುಗಿಸಬೇಕು, ವಿಷಯಸೂಚಿ ಕಟ್ಟಬೇಕು, ಒಬ್ಬನೇ ಲೇಖಕನ ಹೆಸರು ನಾಲ್ಕು ಬಗೆಯಲ್ಲಿ ಬರೆದಿದ್ದರೆ ಒಂದಕ್ಕೆ ತರಬೇಕು. ಕನ್ನಡ ಬಲ್ಲ ಗ್ರಂಥಪಾಲಕರು ಮಾಡಬೇಕಾದ ಕೆಲಸವಿದು. ಇದಕ್ಕೆ ಹುದ್ದೆ ಬೇಕು, ಸಂಬಳ ಬೇಕು, ವರ್ಷಗಟ್ಟಲೆ ಕೂತು ಮಾಡಲು ಬಿಡುವೂ ಬೇಕು. ಶಾಮಶಾಸ್ತ್ರಿಗಳಿಗೆ ಮೈಸೂರು ಸರ್ಕಾರ ಅದನ್ನು ಒದಗಿಸಿತ್ತು.