ಒಬ್ಬನಿಗಾಗಿ ಊರೋ, ಊರಿಗಾಗಿ ಒಬ್ಬನೋ? – ವ್ಯಕ್ತಿವಾದ, ಸಮಷ್ಟಿವಾದ ಮತ್ತು ನಮ್ಮ ಗಡಿಸೀಮೆ



ಪ್ರತಿ ವರ್ಷ ಶಾಲೆ ಆರಂಭವಾಗುವ ಮೊದಲು ನಾವು ಶಿಕ್ಷಕರು ಪಟ ನೋಂದಣಿಗಾಗಿ ಮನೆಮನೆಗೆ ಹೋಗುತ್ತೇವೆ. ಹೀಗೆ ಒಂದು ಮನೆಗೆ ಹೋದಾಗ ನಡೆದ ಮಾತುಕತೆ ಇದು. ಮನೆಯ ಯಜಮಾನರು ಹೇಳಿದರು: "ಮಗ ನನ್ನವ, ಫೀ ಕಟ್ಟಾವ ನಾನು. ಯಾವ ಸಾಲಿಗಿ ಹಾಕಬೇಕಂತ ನಾನೇ ನೋಡ್ತೀನ್ರಿ ಗುರೂಜಿ." ಒಳಗೆ ಜೋಳ ಹಸನು ಮಾಡುತ್ತಿದ್ದ ಅವರ ತಾಯಿ ಅಲ್ಲಿಂದಲೇ ಕೇಳಿದರು: "ಹಿಂಗ ಒಬ್ಬೊಬ್ಬರೇ ಬಿಡಿಸಿಕೊಂಡು ಹೋದ್ರ ಊರಾಗ ನಮ್ಮ ಸಾಲಿ ಉಳೀತದೇನಪ್ಪಾ?"

ಇಬ್ಬರೂ ರಾಜ್ಯಶಾಸ್ತ್ರ ಓದಿದವರಲ್ಲ. ಆದರೆ ಜಗತ್ತಿನ ದೊಡ್ಡ ದೊಡ್ಡ ಚಿಂತಕರು ಮುನ್ನೂರು ವರ್ಷಗಳಿಂದ ವಾದ ಮಾಡುತ್ತ ಬಂದ ಪ್ರಶ್ನೆಯನ್ನೇ ಅವರು ಎರಡು ಮಾತಿನಲ್ಲಿ ಮುಂದಿಟ್ಟಿದ್ದರು. ಮಗನ ಮಾತಿನಲ್ಲಿದ್ದದ್ದು ವ್ಯಕ್ತಿವಾದ. ತಾಯಿಯ ಮಾತಿನಲ್ಲಿದ್ದದ್ದು ಸಮಷ್ಟಿವಾದ. ಈ ಎರಡು ವಿಚಾರಧಾರೆಗಳನ್ನು ನಮ್ಮ ಸೀಮೆಯ ಇತಿಹಾಸದ ಮೂಲಕ ತಿಳಿದುಕೊಳ್ಳೋಣ.

ಎರಡು ವಾದಗಳ ಪರಿಚಯ

ವ್ಯಕ್ತಿವಾದ ಎಂದರೆ ವ್ಯಕ್ತಿಯೇ ಮೊದಲು ಎನ್ನುವ ವಾದ. ರಾಜ್ಯ, ಸಮಾಜ, ಕಾನೂನು ಎಲ್ಲವೂ ವ್ಯಕ್ತಿಗಾಗಿ ಇವೆ. ಅವನ ಜೀವ, ಅವನ ವಿಚಾರ, ಅವನ ಆಸ್ತಿ ಇವುಗಳಲ್ಲಿ ಇನ್ನೊಬ್ಬರು ಕೈಹಾಕಬಾರದು. ಇಂಗ್ಲೆಂಡಿನ ಜಾನ್ ಲಾಕ್ 17ನೆಯ ಶತಮಾನದ ಕೊನೆಯಲ್ಲಿ ಈ ಹಕ್ಕುಗಳನ್ನು ಪ್ರತಿಪಾದಿಸಿದನು. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರಕಾರವಷ್ಟೇ ಅಲ್ಲ, ಬಹುಜನರ ಅಭಿಪ್ರಾಯವೂ ಒಬ್ಬನನ್ನು ತುಳಿಯಬಲ್ಲದು ಎಂದು ಎಚ್ಚರಿಸಿದನು.

ಸಮಷ್ಟಿವಾದ ಎಂದರೆ ಸಮುದಾಯವೇ ಮೊದಲು ಎನ್ನುವ ವಾದ. ಮನುಷ್ಯ ಒಂಟಿಯಾಗಿ ಹುಟ್ಟಿ ಬೆಳೆಯುವುದಿಲ್ಲ. ಅವನ ಭಾಷೆ, ಅನ್ನ, ಅರಿವು ಎಲ್ಲವೂ ಸಮಾಜದಿಂದ ಬಂದವು. ಆದ್ದರಿಂದ ಎಲ್ಲರ ಹಿತಕ್ಕಾಗಿ ಒಬ್ಬನ ಇಚ್ಛೆಗೆ ಮಿತಿ ಬೇಕು ಎನ್ನುತ್ತದೆ ಈ ವಾದ. ರೂಸೋ 1762ರಲ್ಲಿ ಸಾಮಾನ್ಯ ಇಚ್ಛೆಯ ಬಗ್ಗೆ ಬರೆದನು. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರಲ್ಲಿ ಉತ್ಪಾದನೆಯ ಸಾಧನಗಳು ಖಾಸಗಿಯವರ ಕೈಯಲ್ಲಿ ಇರಬಾರದೆಂದು ಸಾರಿದರು.

ಎರಡೂ ವಾದಗಳು ಅತಿಗೆ ಹೋದಾಗ ಏನಾಗುತ್ತದೆಂದು ಇತಿಹಾಸ ತೋರಿಸಿದೆ. ಇಂಗ್ಲೆಂಡಿನಲ್ಲಿ ಮಾಲೀಕನ ಸ್ವಾತಂತ್ರ್ಯದ ಹೆಸರಿನಲ್ಲಿ ಚಿಕ್ಕ ಮಕ್ಕಳು ಗಿರಣಿಗಳಲ್ಲಿ ದುಡಿದರು. ಅದನ್ನು ತಡೆಯಲು 1833ರಲ್ಲಿ ಕಾರ್ಖಾನೆ ಕಾಯ್ದೆ ಬೇಕಾಯಿತು. ಸೋವಿಯತ್ ದೇಶದಲ್ಲಿ ಸಮುದಾಯದ ಹೆಸರಿನಲ್ಲಿ ರೈತರ ಹೊಲಗಳನ್ನು ಬಲವಂತದಿಂದ ಒಟ್ಟುಗೂಡಿಸಿದರು. 1932-33ರ ಬರಗಾಲದಲ್ಲಿ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು.

ನಮ್ಮ ಮಣ್ಣಿನಲ್ಲಿ

ಇವು ಕೇವಲ ಹೊರದೇಶದ ಮಾತುಗಳಲ್ಲ. ನಮ್ಮ ಹಳೆಯ ಊರುಗಳಲ್ಲಿ ಬಲುತೆ ಪದ್ಧತಿ ಇತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಎಲ್ಲರೂ ಊರಿನ ಕೆಲಸ ಮಾಡಬೇಕು, ಸುಗ್ಗಿಯಲ್ಲಿ ರಾಶಿಯಿಂದ ಅವರಿಗೆ ಪಾಲು ಸಿಗಬೇಕು. ಕರ್ನಾಟಕದ ಕಡೆ ಇದನ್ನೇ ಆಯ ಎನ್ನುತ್ತಾರೆ. ಇದು ಒಂದು ರೀತಿಯ ಸಮಷ್ಟಿ ಜೀವನವೇ. ಯಾರೂ ಪೂರ್ತಿ ಅನಾಥರಾಗುತ್ತಿರಲಿಲ್ಲ. ಆದರೆ ಕುಂಬಾರನ ಮಗ ಕುಂಬಾರನೇ ಆಗಬೇಕಿತ್ತು. ಊರ ಹೊರಗೆ ಇದ್ದವರು ಊರ ಹೊರಗೇ ಇರಬೇಕಿತ್ತು. ಊರು ಅನ್ನವನ್ನೂ ಕೊಡುತ್ತಿತ್ತು, ಸಂಕೋಲೆಯನ್ನೂ ಹಾಕುತ್ತಿತ್ತು.

ಈ ಸಂಕೋಲೆಯನ್ನು ಪ್ರಶ್ನಿಸಿದ ಸ್ಥಳ ನಮ್ಮಿಂದ ದೂರವಿಲ್ಲ. ಗಡಿಯಾಚೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ತತ್ವಗಳನ್ನು ಜೊತೆಯಾಗಿ ಇಟ್ಟರು. ಕಾಯಕ ಪ್ರತಿಯೊಬ್ಬನ ಸ್ವಂತ ದುಡಿಮೆ. ಅದು ಅವನಿಗೆ ಗೌರವ ತರುತ್ತದೆ, ಹುಟ್ಟಿನಿಂದ ಅವನನ್ನು ಅಳೆಯುವುದಿಲ್ಲ. ದಾಸೋಹ ಆ ದುಡಿಮೆಯ ಫಲವನ್ನು ಸಮಾಜದೊಂದಿಗೆ ಹಂಚಿಕೊಳ್ಳುವುದು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ವ್ಯಕ್ತಿಗೆ ಘನತೆ, ಸಮಾಜಕ್ಕೆ ಪಾಲು. ಆಧುನಿಕ ವಾದಗಳು ಹುಟ್ಟುವ ಎಷ್ಟೋ ಮೊದಲು ನಮ್ಮ ನೆರೆಯಲ್ಲೇ ಈ ವಿಚಾರ ನಡೆದಿತ್ತು.

ಹೈದರಾಬಾದ ಸಂಸ್ಥಾನದ ಪಾಠ

1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಅಲ್ಲಿ ಸಾಮಾನ್ಯನಿಗೆ ವ್ಯಕ್ತಿಯಾಗಿಯೂ ಹಕ್ಕಿರಲಿಲ್ಲ, ಸಮುದಾಯವಾಗಿಯೂ ಹಕ್ಕಿರಲಿಲ್ಲ. ಸಂಸ್ಥಾನದ ದೊಡ್ಡ ಭಾಗ ಜಹಗೀರುಗಳಲ್ಲಿತ್ತು, ಒಂದು ಭಾಗ ನಿಜಾಮನ ಸ್ವಂತ ಸರ್ಫೇಖಾಸ್ ಆಗಿತ್ತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯಾಗುವ ಮೊದಲೇ ಅದರ ಮೇಲೆ ನಿಷೇಧ ಬಂದಿತು.

ಈ ಹೋರಾಟದ ನಾಯಕರಾದ ಸ್ವಾಮಿ ರಮಾನಂದ ತೀರ್ಥರನ್ನು ನಾವು ಶಿಕ್ಷಕರು ವಿಶೇಷವಾಗಿ ನೆನೆಯಬೇಕು. 1903ರಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಅವರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡಿದರು. ಬಳಿಕ ನಮ್ಮ ಉಮರ್ಗಾ ಭಾಗಕ್ಕೆ ಹತ್ತಿರದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ಅವರ ಕಾಲದ ಸ್ವಾತಂತ್ರ್ಯ ಹೋರಾಟದಲ್ಲಿ ಎರಡು ದಾರಿಗಳೂ ಇದ್ದವು. ಸಾಮೂಹಿಕ ಸತ್ಯಾಗ್ರಹದಲ್ಲಿ ಜನರೆಲ್ಲ ಒಟ್ಟಾಗಿ ಹೊರಡುತ್ತಿದ್ದರು. 1940ರಲ್ಲಿ ಗಾಂಧೀಜಿ ವೈಯಕ್ತಿಕ ಸತ್ಯಾಗ್ರಹ ಆರಂಭಿಸಿದಾಗ ಒಬ್ಬೊಬ್ಬರೇ ತಮ್ಮ ಅಂತಃಸಾಕ್ಷಿಯ ಬಲದಿಂದ ಹೊರಟರು. ಅಕ್ಟೋಬರ್ 17ರಂದು ವಿನೋಬಾ ಭಾವೆ ಮೊದಲ ಸತ್ಯಾಗ್ರಹಿಯಾದರು.

ಭೂಮಿಯ ಪ್ರಶ್ನೆಯಲ್ಲಿಯೂ ಹೀಗೆಯೇ. ತೆಲಂಗಾಣದಲ್ಲಿ 1946ರಿಂದ 1951ರವರೆಗೆ ಕಮ್ಯೂನಿಸ್ಟರ ನೇತೃತ್ವದಲ್ಲಿ ಸಶಸ್ತ್ರ ರೈತ ಹೋರಾಟ ನಡೆಯಿತು. ಸರಕಾರ 1949ರಲ್ಲಿ ಜಹಗೀರುಗಳನ್ನು ರದ್ದುಪಡಿಸಿತು. 1950ರ ಗೇಣಿ ಕಾಯ್ದೆ ಉಳುವವನಿಗೆ ರಕ್ಷಣೆ ಕೊಟ್ಟಿತು. 1951ರ ಏಪ್ರಿಲ್ 18ರಂದು ಅದೇ ಸಂಸ್ಥಾನದ ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಹೇಳಿದಾಗ ವಿನೋಬಾರ ಭೂದಾನ ಆರಂಭವಾಯಿತು. ಒಂದೇ ಸಂಸ್ಥಾನದಲ್ಲಿ, ಕೆಲವೇ ವರ್ಷಗಳಲ್ಲಿ ಬಂದೂಕು, ಕಾಯ್ದೆ, ಮನಃಪರಿವರ್ತನೆ ಎಂಬ ಮೂರು ಮಾರ್ಗಗಳು ಎದುರುಬದುರಾದವು.

ಸಹಕಾರ ಚಳವಳಿ ಇನ್ನೊಂದು ಮಧ್ಯಮ ಮಾರ್ಗ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘದಲ್ಲಿ ಹೊಲ ಅವರವರದೇ, ಆದರೆ ಸಾಲದ ಹೊಣೆ ಎಲ್ಲರದು.

ಸಂವಿಧಾನ ಯಾರನ್ನು ಘಟಕ ಮಾಡಿತು?

1948ರ ನವೆಂಬರ್ 4ರಂದು ಡಾ. ಅಂಬೇಡ್ಕರರು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟರು. ಹಳ್ಳಿಯೇ ರಾಜ್ಯದ ಘಟಕವಾಗಬೇಕೆಂದು ಹಲವರ ಆಸೆಯಾಗಿತ್ತು. ಅಂಬೇಡ್ಕರರು ಒಪ್ಪಲಿಲ್ಲ. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡಿದ್ದಕ್ಕೆ ಸಂತೋಷವಾಗಿದೆ ಎಂದರು. ಊರಿನ ಒಗ್ಗಟ್ಟು ಎನ್ನುವುದರ ಕೆಳಗೆ ಯಾರು ಸಿಕ್ಕಿಕೊಂಡಿದ್ದಾರೆ ಎಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಆದರೂ ಅದೇ ತಿಂಗಳಲ್ಲಿ ಗ್ರಾಮ ಪಂಚಾಯತಿಗಳ ಬಗ್ಗೆ ಒಂದು ವಿಧಿಯನ್ನು ಸಭೆ ಸೇರಿಸಿಕೊಂಡಿತು. ಅದೇ ಇಂದಿನ 40ನೆಯ ವಿಧಿ.

29ನೆಯ ವಿಧಿಯನ್ನು ಗಮನವಿಟ್ಟು ಓದಬೇಕು. ಅದರ ಮೊದಲನೆಯ ಭಾಗ ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಜನವಿಭಾಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. ಅಂದರೆ ಹಕ್ಕು ಸಮುದಾಯಕ್ಕೆ. ಎರಡನೆಯ ಭಾಗ ಧರ್ಮ, ಜಾತಿ, ಭಾಷೆಯ ಕಾರಣದಿಂದ ಯಾವ ನಾಗರಿಕನಿಗೂ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. ಅಂದರೆ ಹಕ್ಕು ವ್ಯಕ್ತಿಗೆ. ಒಂದೇ ವಿಧಿಯಲ್ಲಿ ಎರಡೂ ವಾದಗಳು ಪಕ್ಕಪಕ್ಕದಲ್ಲಿ ಕುಳಿತಿವೆ.

ಗೆರೆಯ ಈಚೆ ಉಳಿದವರು

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಬೀದರ ಜಿಲ್ಲೆಯಲ್ಲಿ ಒಂದು ಔರಾದ ಇದೆ. ನಮ್ಮದು ಔರಾದ ಶಹಾಜನಿ, ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿನದು. ಆದರೆ 1956ರ ಮೊದಲು ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳೂ ಬೀದರ ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ಈ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಅದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆಯಾಯಿತು.

ಭಾಷಾವಾರು ಪ್ರಾಂತ ರಚನೆ ಸಮಷ್ಟಿಯ ವಿಚಾರ. ಒಂದು ಭಾಷೆಯ ಜನ ಒಂದು ಆಡಳಿತದಲ್ಲಿರಲಿ ಎಂಬುದು ಅದರ ಆಶಯ. ಅದರಿಂದ ಕೋಟ್ಯಂತರ ಜನರಿಗೆ ತಮ್ಮ ಭಾಷೆಯಲ್ಲೇ ಆಡಳಿತ ಸಿಕ್ಕಿತು. ಆದರೆ ಗಡಿಯ ಊರಿನಲ್ಲಿ ಒಂದು ಓಣಿ ಕನ್ನಡ, ಇನ್ನೊಂದು ಓಣಿ ಮರಾಠಿ, ಮತ್ತೊಂದು ಓಣಿ ದಖ್ಖನಿ ಮಾತನಾಡುತ್ತದೆ. ಗೆರೆ ಎಲ್ಲಿ ಎಳೆದರೂ ಯಾರಾದರೂ ಈಚೆ ಉಳಿಯುವುದು ಖಂಡಿತ.

ಹೀಗೆ ಉಳಿದವರಿಗಾಗಿಯೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತ ಗುಂಪಿನ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಮುದ್ರಿಸುವುದು ಇದೇ ಆಶಯದಿಂದ.

ಇದಕ್ಕೂ ಮೊದಲು, 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಮಾಡಿತ್ತು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ಇಯತ್ತೆಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು.

ಈ 10 ಎಂಬ ಅಂಕಿಯನ್ನು ಸ್ವಲ್ಪ ವಿಚಾರ ಮಾಡಿ. ತಾಯ್ನುಡಿಯಲ್ಲಿ ಕಲಿಯುವುದು ಒಂದು ಮಗುವಿನ ಅಗತ್ಯ. ಆ ಮಗುವಿನ ತಲೆ ಒಂದು, ನಾಲಿಗೆ ಒಂದು. ಆದರೆ ಆ ಹಕ್ಕನ್ನು ಒಂದು ಮಗು ಒಂಟಿಯಾಗಿ ಪಡೆಯಲಾರದು. ಜೊತೆಗೆ ಇನ್ನೂ ಒಂಬತ್ತು ಮಕ್ಕಳು ಬೇಕು. ಹತ್ತನೆಯ ಮಗು ಹೋದರೆ ಉಳಿದ ಒಂಬತ್ತರ ಹಕ್ಕು ಅಲುಗಾಡುತ್ತದೆ. ವ್ಯಕ್ತಿಯ ಹಕ್ಕು ಸಮುದಾಯದ ಮೇಲೆ ನಿಂತಿದೆ, ಸಮುದಾಯ ಒಬ್ಬೊಬ್ಬ ವ್ಯಕ್ತಿಯ ಮೇಲೆ ನಿಂತಿದೆ. ವ್ಯಕ್ತಿವಾದ ಮತ್ತು ಸಮಷ್ಟಿವಾದದ ಸಂಬಂಧ ಅರ್ಥಮಾಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ನ್ಯಾಯಾಲಯ ಏನು ಹೇಳಿತು?

ಕರ್ನಾಟಕ ಸರಕಾರ 1994ರ ಆದೇಶದಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದಿತು. ಉದ್ದೇಶ ಸಮಷ್ಟಿಯ ಹಿತ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮೇ 6ರಂದು ಐದು ನ್ಯಾಯಮೂರ್ತಿಗಳ ಪೀಠ, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವುದು ಮಗುವಿನ ಮತ್ತು ಅದರ ಪರವಾಗಿ ಪಾಲಕರ ಸ್ವಾತಂತ್ರ್ಯ, ಸರಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಇದನ್ನು ಕೇಳಿ ನಮ್ಮಲ್ಲಿ ಅನೇಕರಿಗೆ ಬೇಸರವಾಯಿತು. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಾವು ಇಲ್ಲಿ ಅಲ್ಪಸಂಖ್ಯಾತರು. ಬಹುಸಂಖ್ಯಾತರ ಭಾಷೆಯೇ ಎಲ್ಲರಿಗೂ ಮಾಧ್ಯಮವಾಗಲಿ ಎಂದು ಯಾವುದಾದರೂ ಸರಕಾರ ನಾಳೆ ಹೇಳಿದರೆ ನಮ್ಮನ್ನು ಕಾಯುವುದೂ ಇದೇ ಆಯ್ಕೆಯ ಸ್ವಾತಂತ್ರ್ಯವೇ. ಗಡಿಯ ಆಚೆ ಕನ್ನಡಕ್ಕೆ ಅಡ್ಡಿಯಾಗಿ ಕಂಡ ತತ್ವ ಗಡಿಯ ಈಚೆ ಕನ್ನಡಕ್ಕೆ ಗುರಾಣಿಯಾಗಬಲ್ಲದು.

ಕೊನೆಯ ಮಾತು

ಹಾಗಾದರೆ ಆ ಮನೆಯಲ್ಲಿ ಯಾರ ಮಾತು ಸರಿ? ಮಗನ ಹಕ್ಕು ಸತ್ಯ. ಅದನ್ನು ನಾವು ಕಸಿದುಕೊಳ್ಳಲಾರೆವು, ಕಸಿದುಕೊಳ್ಳಲೂ ಬಾರದು. ತಾಯಿಯ ಭಯವೂ ಸತ್ಯ. ಒಬ್ಬೊಬ್ಬರ ಆಯ್ಕೆಯೂ ಸರಿಯಾಗಿದ್ದು, ಎಲ್ಲ ಆಯ್ಕೆಗಳನ್ನು ಕೂಡಿಸಿದಾಗ ಯಾರೂ ಬಯಸದ ಫಲ ಬರಬಹುದು. ಯಾರೂ ಶಾಲೆ ಮುಚ್ಚಲಿ ಎಂದು ಮಗುವನ್ನು ಬಿಡಿಸುವುದಿಲ್ಲ. ಆದರೂ ಶಾಲೆ ಮುಚ್ಚುತ್ತದೆ.

ಇದಕ್ಕೆ ಬಲವಂತ ಉತ್ತರವಲ್ಲ, ಬರೀ ಅಭಿಮಾನದ ಭಾಷಣವೂ ಉತ್ತರವಲ್ಲ. ಶಾಲೆ ಚೆನ್ನಾಗಿದ್ದರೆ ಆಯ್ಕೆ ತಾನಾಗಿ ನಮ್ಮ ಕಡೆ ಬರುತ್ತದೆ. ಕನ್ನಡದಲ್ಲಿ ಚೆನ್ನಾಗಿ ಓದಿ ಬರೆಯುವ, ಮರಾಠಿಯನ್ನು ಗೌರವದಿಂದ ಕಲಿತ, ಇಂಗ್ಲಿಷಿಗೆ ಅಂಜದ ಮಗು ನಮ್ಮ ಶಾಲೆಯಿಂದ ಹೊರಬರಬೇಕು. ಅದು ನಮ್ಮ ಕಾಯಕ. ಊರಿನವರು ಶಾಲೆಯನ್ನು ತಮ್ಮದೆಂದು ನೋಡಿಕೊಳ್ಳುವುದು ಅವರ ದಾಸೋಹ.

ಆ ದಿನ ಯಜಮಾನರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ವಿಚಾರ ಮಾಡ್ತೀನ್ರಿ" ಎಂದರು. ನಾವು ಚಹಾ ಕುಡಿದು ಎದ್ದೆವು. ನಮ್ಮ ಪಟ್ಟಿಯಲ್ಲಿ ಆಗ ಒಂಬತ್ತು ಹೆಸರುಗಳಿದ್ದವು. ಮುಂದಿನ ಮನೆಯ ಕಡೆ ಹೊರಟೆವು.