ರೋಗಕ್ಕೆ ಹೆಸರಿಟ್ಟ ರಾಜಕೀಯ

ನಮ್ಮ ದಾದಿಮಾ ವರ್ಷಗಳನ್ನು ಅಂಕಿಗಳಲ್ಲಿ ಎಣಿಸಿದವರಲ್ಲ. ಯಾರು ಯಾವಾಗ ಹುಟ್ಟಿದರು ಎಂದು ಕೇಳಿದರೆ ಬರಗಾಲದ ವರ್ಷ, ಯುದ್ಧದ ವರ್ಷ, ತಾಊನ್‌ನ ವರ್ಷ ಎನ್ನುತ್ತಿದ್ದರು. ತಾಊನ್ ಎಂದರೆ ಪ್ಲೇಗು. ಬೆಂಗಳೂರಿಗೆ ಅದು ಮೊದಲು ಬಂದಾಗ ಅವರಿನ್ನೂ ಹುಟ್ಟಿರಲಿಲ್ಲ. ತಮ್ಮ ಅತ್ತೆಯಿಂದ ಕೇಳಿದ್ದನ್ನು ಕಣ್ಣಾರೆ ಕಂಡಂತೆ ಹೇಳುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಹೆದರುತ್ತಿದ್ದರಂತೆ. ಆದರೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದುದು ಬಾಗಿಲು ತಟ್ಟುವವರಿಗೆ. ಜ್ವರ ಬಂದ ಸೊಸೆಯನ್ನು ಗೋಣಿಚೀಲಗಳ ಹಿಂದೆ ಕೂರಿಸಿ, 'ತವರಿಗೆ ಹೋಗಿದ್ದಾಳೆ' ಎಂದು ಸುಳ್ಳು ಹೇಳಿದವರ ಕತೆಯೊಂದಿತ್ತು. ಆ ಸೊಸೆ ಬದುಕಿದಳೋ ಇಲ್ಲವೋ ಎಂದು ನಾವು ಎಷ್ಟು ಸಲ ಕೇಳಿದರೂ ದಾದಿಮಾ ಹೇಳುತ್ತಿರಲಿಲ್ಲ.

ಈ ಕತೆ ನಮಗೆ ಮತ್ತೆ ನೆನಪಾದದ್ದು 2020ರ ಏಪ್ರಿಲ್ 19ರ ರಾತ್ರಿ. ನಾವಿರುವುದು ವಿಜಯನಗರದಲ್ಲಿ. ಅಲ್ಲಿಂದ ಪಾದರಾಯನಪುರ ಬಹಳ ದೂರವೇನಲ್ಲ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಹಳೆಯ ಬಿನ್ನಿ ಮಿಲ್ಲಿನ ಆಸುಪಾಸಿನಲ್ಲಿ, ಒಂದು ಕೋಣೆಯ ಮನೆಯಲ್ಲಿ ಏಳೆಂಟು ಜನ ಮಲಗುವ ಮೊಹಲ್ಲಾ ಅದು. ಆ ಭಾನುವಾರ ಸಂಜೆ, ಸೋಂಕಿತರೊಡನೆ ಸಂಪರ್ಕಕ್ಕೆ ಬಂದಿದ್ದ 58 ಮಂದಿಯನ್ನು ಕ್ವಾರಂಟೈನಿಗೆ ಒಯ್ಯಲು ಪಾಲಿಕೆಯ ಸಿಬ್ಬಂದಿ ಮತ್ತು ಪೊಲೀಸರು ಬಂದರು. ಒಂದಿಷ್ಟು ಮಂದಿ ಹೊರಟೂ ಹೋದರು. ಉಳಿದವರ ಸರದಿ ಬಂದಾಗ ಗುಂಪು ಸೇರಿತು. ಬ್ಯಾರಿಕೇಡು ಉರುಳಿತು, ಪೊಲೀಸರಿಗೆ ಹಾಕಿದ್ದ ಪೆಂಡಾಲು ಕಿತ್ತುಹೋಯಿತು, ಕುರ್ಚಿಗಳು ಮುರಿದವು. ತಮ್ಮ ಜೀವವನ್ನು ಪಣಕ್ಕಿಟ್ಟು ಬಂದಿದ್ದ ಆರೋಗ್ಯ ಕಾರ್ಯಕರ್ತೆಯರು ಓಡಬೇಕಾಯಿತು. ಅದು ತಪ್ಪು. ಯಾವ ಇತಿಹಾಸವೂ ಅದನ್ನು ಸರಿಯೆಂದು ಹೇಳಿಕೊಡುವುದಿಲ್ಲ, ನಾವೂ ಹೇಳುತ್ತಿಲ್ಲ.

ಆದರೆ ಮಾರನೆಯ ಬೆಳಿಗ್ಗೆ ಟಿ.ವಿ. ಹಾಕಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ಗಲಭೆಯೊಂದರ ಸುದ್ದಿಯಲ್ಲ, ಒಂದು ಕೋಮಿನ ಗುಣವರ್ಣನೆ. ದಿಲ್ಲಿಯ ನಿಜಾಮುದ್ದೀನಿನ ತಬ್ಲೀಗಿ ಸಮಾವೇಶದ ಸುದ್ದಿ ಮಾರ್ಚ್ ಕೊನೆಯಿಂದಲೇ ದೇಶದ ಬಾಯಲ್ಲಿತ್ತು. ಪಾದರಾಯನಪುರ ಅದರ ಎರಡನೆಯ ಅಧ್ಯಾಯವಾಯಿತು. 'ಇವರೇ ಹೀಗೆ' ಎಂದುಬಿಟ್ಟರೆ ಆಯಿತು, ಮುಂದೆ ಯೋಚಿಸುವ ಶ್ರಮವಿಲ್ಲ.

ಇವರು ಮಾತ್ರವೇ ಹೀಗೆಯೇ? 1896ರ ಅಕ್ಟೋಬರಿನಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಪ್ಲೇಗು ಆಸ್ಪತ್ರೆಗೆ ನುಗ್ಗಿದರು. 1898ರ ಮಾರ್ಚಿನಲ್ಲಿ ಅದೇ ನಗರದಲ್ಲಿ ಜುಲಾಹಾ ನೇಕಾರರು, ಜ್ವರ ಬಂದ ಹುಡುಗಿಯೊಬ್ಬಳನ್ನು ಒಯ್ಯಬಂದವರನ್ನು ತಡೆದು ದೊಂಬಿ ಎಬ್ಬಿಸಿದರು. ಗಿರಣಿಯ ಗುಂಪಿನಲ್ಲಿ ಹಿಂದೂಗಳೇ ಹೆಚ್ಚು, ನೇಕಾರರು ಮುಸ್ಲಿಮರು. 1900ರಲ್ಲಿ ಕಾನ್ಪುರದಲ್ಲಿ ಪ್ಲೇಗು ಶಿಬಿರಕ್ಕೆ ಬೆಂಕಿ ಬಿದ್ದಾಗ ಎರಡೂ ಕಡೆಯವರು ಒಟ್ಟಿಗೆ ಇದ್ದರು. ನಮ್ಮ ಮೈಸೂರು ಸೀಮೆಯೂ ಹಿಂದೆ ಬೀಳಲಿಲ್ಲ. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗು ಕಟ್ಟಳೆಗಳ ವಿರುದ್ಧ ದಂಗೆಯೇ ಆಯಿತು. ದಂಗೆಯೆದ್ದವರು ಹಳ್ಳಿಯ ಸಾಧಾರಣ ಜನ.

ಇನ್ನು ಪುಣೆಯ ಕತೆ ಶಾಲೆಯ ಪುಸ್ತಕದಲ್ಲೇ ಇದೆ. ಪ್ಲೇಗು ಅಧಿಕಾರಿ ರ್‍ಯಾಂಡನ ಸೈನಿಕರು ಮನೆಮನೆ ಹೊಕ್ಕು, ಅಡಿಗೆಮನೆ ದೇವರಮನೆ ಎನ್ನದೆ ಶೋಧಿಸಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡಿಟ್ಟರು. ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಹದಿನೆಂಟು ತಿಂಗಳ ಸೆರೆವಾಸ ಬಂತು. ಸಾಂಕ್ರಾಮಿಕ ರೋಗವೊಂದು ಈ ದೇಶದ ರಾಷ್ಟ್ರೀಯ ರಾಜಕಾರಣದ ದಿಕ್ಕನ್ನು ತಿರುಗಿಸಿದ್ದು ಬಹುಶಃ ಅದೇ ಮೊದಲು. ಚಾಪೇಕರ್ ಸಹೋದರರನ್ನು ಇಂದು ನಾವು ಹುತಾತ್ಮರೆನ್ನುತ್ತೇವೆ. ಪಾದರಾಯನಪುರದ ಹುಡುಗರನ್ನು ಆ ಸಾಲಿನಲ್ಲಿ ಕೂರಿಸಬೇಕೆಂದು ಈ ಮಾತು ಎತ್ತಿದ್ದಲ್ಲ. ಬಾಗಿಲಿಗೆ ಬಂದ ಸರ್ಕಾರವನ್ನು ಕಂಡು ಬೆದರುವುದು ಯಾವ ಮತದ ಗುತ್ತಿಗೆಯೂ ಅಲ್ಲ ಎನ್ನುವುದಕ್ಕೆ ಇಷ್ಟೆಲ್ಲ ಹೇಳಬೇಕಾಯಿತು.

ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ, ರೈಲು ಹತ್ತಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ವಿ.ಪಿ. ಮಾಧವರಾಯರು ಪ್ಲೇಗು ಕಮಿಷನರಾದರು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಅಗಲ ರಸ್ತೆ, ಗಾಳಿ, ಬೆಳಕು. ಅಲ್ಲಿಗೆ ಹೋಗಲು ಶಕ್ತಿಯಿದ್ದವರು ಹೋದರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಎಷ್ಟೋ ದಶಕಗಳ ನಂತರ ಅದೇ ಅಗಲ ರಸ್ತೆಯ ಆಸೆಯಿಂದ ಬೆಳೆದವು. ನಡುವೆ ಸಿಕ್ಕಿಕೊಂಡ ಪಾದರಾಯನಪುರ, ಗೋರಿಪಾಳ್ಯಗಳಿಗೆ ಮಾತ್ರ ಗಾಳಿ ಬೆಳಕು ಬರಲೇ ಇಲ್ಲ. 2020ರಲ್ಲಿ 'ಮನೆಯಲ್ಲೇ ಇರಿ, ಅಂತರ ಕಾಪಾಡಿ' ಎಂದು ದೂರದರ್ಶನದಲ್ಲಿ ಹೇಳಿದಾಗ ಬಸವೇಶ್ವರನಗರಕ್ಕೆ ಅರ್ಥವಾದ ಭಾಷೆ ಅಲ್ಲಿ ಅರ್ಥವಾಗುವಂತಿರಲಿಲ್ಲ.

ಪ್ಲೇಗು ಬಿಟ್ಟುಹೋದ ಇನ್ನೊಂದು ಆಸ್ತಿಯೆಂದರೆ ಕಾನೂನು. ನಾಲ್ಕೇ ಕಲಮುಗಳ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಬ್ರಿಟಿಷರು ಬೊಂಬಾಯಿಯ ಪ್ಲೇಗಿಗಾಗಿ ಅವಸರದಲ್ಲಿ ಬರೆದರು. 2020ರ ಮಾರ್ಚಿನಲ್ಲಿ ಅದೇ ಕಾಯ್ದೆಯ ಧೂಳು ಕೊಡವಿ ಹಲವು ರಾಜ್ಯಗಳು ಹೊರತೆಗೆದವು. ಪಾದರಾಯನಪುರದ ಗಲಾಟೆಯಾದ ವಾರದಲ್ಲೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ನಷ್ಟವನ್ನು ವಸೂಲು ಮಾಡುವ ಅಧಿಕಾರ ಪಡೆಯಿತು. ಏಪ್ರಿಲ್ 22ರಂದು ಕೇಂದ್ರವೂ ತಿದ್ದುಪಡಿ ಮಾಡಿ, ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಸಜೆ ಇಟ್ಟಿತು. ದೇಶದ ಬೇರೆ ಬೇರೆ ಊರುಗಳಲ್ಲಿ ಎಲ್ಲ ಮತದವರೂ ವೈದ್ಯರ ಮೇಲೆ ಕೈಮಾಡಿದ್ದರಿಂದ ಈ ಕಾನೂನು ಬೇಕಿತ್ತೆನ್ನುವುದು ನಮ್ಮ ಅಭಿಪ್ರಾಯವೂ ಹೌದು.

ಬಂಧಿತರನ್ನು ರಾಮನಗರದ ಜೈಲಿಗೆ ಕಳಿಸಿದರು. ಅಲ್ಲಿಯವರೆಗೆ ಒಂದೂ ಪ್ರಕರಣ ಕಾಣದ ಹಸಿರು ಜಿಲ್ಲೆ ಅದು. ಕುಮಾರಸ್ವಾಮಿಯವರು ಮೊದಲೇ ಬೇಡವೆಂದಿದ್ದರು. ಎರಡು ಮೂರು ದಿನಗಳಲ್ಲಿ ಬಂಧಿತರಲ್ಲೇ ಸೋಂಕು ಪತ್ತೆಯಾಗಿ, ಎಲ್ಲರನ್ನೂ ಮತ್ತೆ ಬಸ್ಸಿಗೆ ಹತ್ತಿಸಿ ಬೆಂಗಳೂರಿನ ಹಜ್ ಭವನಕ್ಕೆ ತಂದರು. ಶಾಸಕ ಜಮೀರ್ ಅಹ್ಮದ್ ಖಾನರು ರಾತ್ರಿ ಹೊತ್ತು ಹೋದದ್ದೇಕೆ ಎಂದು ಕೇಳಿದ್ದಕ್ಕೆ ಬಿಜೆಪಿಯ ಮಂತ್ರಿಗಳು ಹರಿಹಾಯ್ದರು. ಹೊತ್ತಿನ ಪ್ರಶ್ನೆ ಸಣ್ಣದಲ್ಲ. ದಾದಿಮಾ ಕತೆಯಲ್ಲೂ ಬಾಗಿಲು ತಟ್ಟುತ್ತಿದ್ದುದು ಕತ್ತಲಾದ ಮೇಲೆಯೇ. ಆದರೆ ಜನಪ್ರತಿನಿಧಿಯಾದವನು ಆ ಪ್ರಶ್ನೆ ಕೇಳುವ ಮೊದಲು ತನ್ನ ಜನರ ಬೆನ್ನು ತಟ್ಟಿ ಹೊರಡಿಸಬೇಕಿತ್ತಲ್ಲವೇ? ಮೇ ಕೊನೆಯಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಹೈಕೋರ್ಟು ಜಾಮೀನು ಕೊಟ್ಟಿತು. ಆ ಸುದ್ದಿ ಒಳಪುಟಕ್ಕೆ ಹೋಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಆ ಏಪ್ರಿಲ್ ಮೊದಲ ವಾರದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು, ಎಲ್ಲೋ ನಡೆದ ಘಟನೆಗಾಗಿ ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಕ್ರಮ ಕೈಗೊಳ್ಳುವುದಾಗಿ ಟಿ.ವಿ. ಸಂದರ್ಶನದಲ್ಲಿ ಎಚ್ಚರಿಸಿದರು. ಇದಕ್ಕಾಗಿ ತಮ್ಮ ಪಕ್ಷದ ಬೆಂಬಲಿಗರಿಂದಲೇ ಬೈಸಿಕೊಂಡರು. ನಮ್ಮ ಬೀದಿಗೆ ಹತ್ತು ವರ್ಷದಿಂದ ಹಣ್ಣು ತರುತ್ತಿದ್ದ ಗಾಡಿಯವನಿಗೆ ಆ ಮಾತು ಮುಟ್ಟಿತೋ ಇಲ್ಲವೋ. ಅವನು ಕೆಲವು ದಿನ ಮುಂದಿನ ಅಡ್ಡರಸ್ತೆಗೆ ಹೋಗುವುದನ್ನೇ ಬಿಟ್ಟಿದ್ದ.

"ಯಾಕೆ ಭಾಯ್?" ಎಂದೆವು.

"ಮೊದಲು ಬಾಳೆಹಣ್ಣಿನ ರೇಟು ಕೇಳ್ತಿದ್ರು ಭಾಯಿಸಾಬ್, ಈಗ ಹೆಸರು ಕೇಳ್ತಾರೆ" ಎಂದ.

ಎದುರು ಮನೆಯ ಅಜ್ಜಿ ಮಾತ್ರ ಗೇಟಿನ ಮೇಲೆ ಪುಟ್ಟಿ ಇಳಿಬಿಟ್ಟು, "ಎರಡು ಕೆಜಿ ಹಾಕಪ್ಪಾ, ಕೆಟ್ಟಿದ್ದು ಹಾಕಿದ್ರೆ ನೋಡು" ಎಂದು ಎಂದಿನಂತೆ ಗದರುತ್ತಿದ್ದರು.

ಮೇ ತಿಂಗಳಲ್ಲಿ ಪಕ್ಷಗಳ ಜಗಳಕ್ಕೆ ಬೇರೆ ವಸ್ತು ಸಿಕ್ಕಿತು. ಊರಿಗೆ ಹೊರಟ ಕೂಲಿಗಳಿಂದ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ದುಬಾರಿ ದರ ಕೇಳಿದಾಗ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಒಂದು ಕೋಟಿ ರೂಪಾಯಿಯ ಚೆಕ್ಕು ಹಿಡಿದು ಬಂದರು. ಸರ್ಕಾರ ಪ್ರಯಾಣವನ್ನು ಉಚಿತ ಮಾಡಿತು. ಮಾರನೆಯ ದಿನ, ಮೇ 4ರಂದು, ವಲಸೆ ಕಾರ್ಮಿಕರ ರೈಲು ದರವನ್ನು ಪಕ್ಷವೇ ಭರಿಸುವುದೆಂದು ಸೋನಿಯಾ ಗಾಂಧಿ ದಿಲ್ಲಿಯಲ್ಲಿ ಸಾರಿದರು. ಮೇ 5ರಂದು ಕಟ್ಟಡ ನಿರ್ಮಾಣದ ದೊಡ್ಡವರ ಜೊತೆ ಸಭೆ ಮುಗಿಯುತ್ತಲೇ ರಾಜ್ಯ ಸರ್ಕಾರ ರೈಲುಗಳನ್ನೇ ರದ್ದು ಮಾಡಿಸಿತು. ಕೂಲಿಗಳು ಹೋದರೆ ಕಟ್ಟುವವರಾರು? ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಬಿಟ್ಟರು. ಅಷ್ಟರಲ್ಲಿ ಎಷ್ಟೋ ಮಂದಿ ನಡೆಯಲು ಶುರುಮಾಡಿದ್ದರು.

2020ರ ಸೆಪ್ಟೆಂಬರಿನಲ್ಲಿ ಒಂದೇ ವಾರದೊಳಗೆ ರಾಜ್ಯಸಭೆಯ ಅಶೋಕ ಗಸ್ತಿ, ಕೇಂದ್ರ ಮಂತ್ರಿ ಸುರೇಶ ಅಂಗಡಿ, ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಕೊರೊನಾಕ್ಕೆ ಬಲಿಯಾದರು. ರೋಗ ಯಾವ ಪಕ್ಷದ ಬಾವುಟವನ್ನೂ ನೋಡಲಿಲ್ಲ. ಅವರಲ್ಲಿ ಇಬ್ಬರ ಸ್ಥಾನಗಳಿಗೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗಲೇ. ಅದಕ್ಕೂ ಮೊದಲು, 2020ರ ನವೆಂಬರ್ 3ರಂದು, ನಮ್ಮ ಪಶ್ಚಿಮದ ರಾಜರಾಜೇಶ್ವರಿ ನಗರದಲ್ಲಿ ಉಪಚುನಾವಣೆಯಾಗಿತ್ತು. ಕಾಂಗ್ರೆಸ್ಸು ಬಿಟ್ಟು ಬಿಜೆಪಿ ಸೇರಿದ್ದ ಮುನಿರತ್ನ ಗೆದ್ದರು. ಮತ ಹಾಕಿದವರು ನೂರಕ್ಕೆ ಸುಮಾರು 45 ಮಾತ್ರ.

ಹೀಗೆ ಖಾಲಿಯಾದ ಸದನದ ಕುರ್ಚಿಗಳಿಗೆಲ್ಲ ಚುನಾವಣೆ ನಡೆಯಿತು. ನಡೆಯದೆ ಉಳಿದದ್ದು ಪಾಲಿಕೆಯದು. 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಎರಡನೆಯ ಅಲೆಯಲ್ಲಿ ಹಾಸಿಗೆ ಬೇಕೆಂದು ಅರ್ಧರಾತ್ರಿ ಬಾಗಿಲು ಬಡಿಯಲು ಬೀದಿಗೊಬ್ಬ ಕಾರ್ಪೊರೇಟರೂ ಇರಲಿಲ್ಲ. ಲೋಕಸಭೆಯ ಲೆಕ್ಕದಲ್ಲಿ ಈ ಭಾಗ ನಾಲ್ಕು ತುಂಡು. ರಾಜಾಜಿನಗರ, ಬಸವೇಶ್ವರನಗರ, ಪಾದರಾಯನಪುರಗಳು ಬೆಂಗಳೂರು ಕೇಂದ್ರಕ್ಕೆ, ವಿಜಯನಗರ ದಕ್ಷಿಣಕ್ಕೆ, ಕೆಂಗೇರಿ ಉತ್ತರಕ್ಕೆ, ರಾಜರಾಜೇಶ್ವರಿ ನಗರ ಗ್ರಾಮಾಂತರಕ್ಕೆ. ಎರಡು ಕಿಲೋಮೀಟರಿನೊಳಗೆ ನಮ್ಮ ಸಂಸದರೇ ಬದಲಾಗುತ್ತಾರೆ. ಯಾರಿಗೆ ಫೋನು ಮಾಡುವುದು?

2021ರ ಮೇ 2ರ ರಾತ್ರಿಯಿಂದ ಬೆಳಗಾಗುವುದರೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ 24 ಮಂದಿ ಸತ್ತ ಸುದ್ದಿ ಬಂತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನಕ್ಕೆ 50,112 ಹೊಸ ಪ್ರಕರಣಗಳು. ಈ ಎರಡರ ನಡುವಿನ ದಿನ, ಮೇ 4ರಂದು, ನಮ್ಮ ವಿಜಯನಗರದ ಸಂಸದರೂ ಆದ ತೇಜಸ್ವಿ ಸೂರ್ಯ ಶಾಸಕರೊಂದಿಗೆ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಹೋದರು. ಲಂಚಕ್ಕೆ ಹಾಸಿಗೆ ಮಾರುತ್ತಿದ್ದಾರೆಂಬ ಅವರ ಆರೋಪ ಗಂಭೀರವಾದುದು, ಹೊರಗೆ ತಂದದ್ದೂ ಒಳ್ಳೆಯದೇ. ಆದರೆ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಹದಿನೇಳು ಹೆಸರುಗಳನ್ನು ಮಾತ್ರ ಕ್ಯಾಮರಾದ ಮುಂದೆ ಓದಲಾಯಿತು. ಎಲ್ಲವೂ ಮುಸ್ಲಿಂ ಹೆಸರುಗಳೇ. ಜೊತೆಗಿದ್ದವರ ಬಾಯಲ್ಲಿ ಮದರಸಾದ ಮಾತೂ ಬಂತು. ಆ ಹುಡುಗರು ಕೆಲಸ ಬಿಟ್ಟು ಹೊರಗೆ ನಿಲ್ಲಬೇಕಾಯಿತು. ಪೊಲೀಸರು ಅವರನ್ನು ವಿಚಾರಿಸಿ ಬಿಟ್ಟರು. ಪ್ರಕರಣದಲ್ಲಿ ಬಂಧಿತರಾದವರು ಬೇರೆಯವರು. ಸ್ವಂತ ಕಿವಿಯಿಂದ ಆ ಪಟ್ಟಿಯನ್ನು ಕೇಳಿದಾಗ ನಮ್ಮ ಮನೆಯ ಮಗುವಿನ ಹೆಸರೂ ಅದರಲ್ಲಿತ್ತು. ಬೇರೆ ಯಾರದೋ ಅದೇ ಹೆಸರು. ಹಣ್ಣಿನ ಗಾಡಿಯವನ ಮಾತು ನಮಗೆ ಸರಿಯಾಗಿ ಅರ್ಥವಾದದ್ದು ಆಗ.

ವಿರೋಧ ಪಕ್ಷ ಸಾಚಾ ಎಂದೇನೂ ಅಲ್ಲ. ಮೂರನೆಯ ಅಲೆ ಬಂದು ನಿರ್ಬಂಧಗಳು ಇದ್ದಾಗಲೇ, 2022ರ ಜನವರಿ 9ರಂದು ಕಾಂಗ್ರೆಸ್ಸು ಮೇಕೆದಾಟು ಪಾದಯಾತ್ರೆ ಹೊರಡಿಸಿತು. ಹೈಕೋರ್ಟು ಪ್ರಶ್ನಿಸಿದ ಮೇಲೆ ರಾಮನಗರದಲ್ಲಿ ನಿಂತಿತು. ಫೆಬ್ರವರಿ ಕೊನೆಗೆ ಮತ್ತೆ ಹೊರಟು ಕೆಂಗೇರಿಯ ಮೂಲಕ ಬೆಂಗಳೂರಿಗೆ ಬಂದಾಗ ಮೈಸೂರು ರಸ್ತೆಯಲ್ಲಿ ನಿಂತು ನೋಡಿದವರಲ್ಲಿ ನಾವೂ ಒಬ್ಬರು. ಮಾಸ್ಕು ಬಹುತೇಕ ಗಲ್ಲದ ಮೇಲಿತ್ತು.

ಸುಮನಹಳ್ಳಿಯ ವಿದ್ಯುತ್ ಚಿತಾಗಾರದ ಮಾತು ಹೇಳದೆ ಪಶ್ಚಿಮ ಬೆಂಗಳೂರಿನ ಈ ಚರಿತ್ರೆ ಮುಗಿಯದು. 2021ರ ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ, ಹಾಗೆಯೇ ಕೆಂಗೇರಿಯಲ್ಲಿ, ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ಸ್ಥಳ ಸಾಲದೆ ತಾವರೆಕೆರೆಯ ಬಯಲಲ್ಲಿ ಚಿತೆಗಳು ಉರಿದವು. ಮಕ್ಕಳು ಮುಟ್ಟಲು ಹೆದರಿದ ಹೆಣಗಳಿಗೆ ನಗರದ ಮುಸ್ಲಿಂ ಯುವಕರ ತಂಡಗಳು ಹೆಗಲು ಕೊಟ್ಟವು, ಅವರವರ ಪದ್ಧತಿಯಂತೆ ಸಂಸ್ಕಾರ ಮಾಡಿಸಿದವು. ಪತ್ರಿಕೆಗಳು ಇದನ್ನು ಅಚ್ಚರಿಯೆಂಬಂತೆ ಬರೆದವು. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಅಚ್ಚರಿಯಾಗಬಾರದು. ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣವನ್ನು ಯಾರು ಸುಡಬೇಕೆಂದು ಇಡೀ ಅಗ್ರಹಾರ ಧರ್ಮಶಾಸ್ತ್ರ ತಿರುವುತ್ತಿದ್ದಾಗ, ಚಂದ್ರಿಯ ಮೊರೆ ಕೇಳಿ ರಾತ್ರೋರಾತ್ರಿ ಗಾಡಿಯಲ್ಲಿ ಒಯ್ದು ಸುಟ್ಟುಬಂದವನು ಮೀನು ವ್ಯಾಪಾರಿ ಅಹ್ಮದ್ ಬ್ಯಾರಿ. ಕಾದಂಬರಿ ಮುಂದೆ ಅವನ ಗೊಡವೆಗೆ ಹೋಗುವುದಿಲ್ಲ.

ಯಾರೂ ಕೇಳಿಕೊಂಡು ಬಾರದ ಐದುನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನಿನಲ್ಲಿ ಮಂತ್ರಿ ಆರ್. ಅಶೋಕರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟರು. ಅದಾಗಿ ಐದು ತಿಂಗಳಿಗೆ, ನವೆಂಬರಿನಲ್ಲಿ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹಳೆಯ ಶವಾಗಾರದಲ್ಲಿ ಎರಡು ದೇಹಗಳು ಸಿಕ್ಕವು. ಒಬ್ಬ ಹೆಂಗಸು, ಒಬ್ಬ ಗಂಡಸು. ಇಬ್ಬರೂ 2020ರ ಜುಲೈನಲ್ಲಿ ಕೊರೊನಾದಿಂದ ಸತ್ತವರು. ಪಾಲಿಕೆಯೇ ಅಂತ್ಯಕ್ರಿಯೆ ಮುಗಿಸಿದೆ ಎಂದು ಮನೆಯವರು ನಂಬಿದ್ದರು. ಕ್ಷೇತ್ರದ ಶಾಸಕ ಸುರೇಶ್ ಕುಮಾರ್ ತನಿಖೆಗೆ ಒತ್ತಾಯಿಸಿ ಕಾರ್ಮಿಕ ಮಂತ್ರಿಗೆ ಪತ್ರ ಬರೆದರು.

ಆ ಇಬ್ಬರ ಮೈಮೇಲೂ ಹೆಸರಿನ ಚೀಟಿ ಇತ್ತು. ಅದರಿಂದಲೇ ಗುರುತು ಸಿಕ್ಕಿತು. ಹದಿನೈದು ತಿಂಗಳಿಗೂ ಹೆಚ್ಚು ಕಾಲ ಅದನ್ನು ಯಾರೂ ಓದಿರಲಿಲ್ಲ.