ಗೃಧ್ರಸಿ
ಸೊಂಟದ ಕೆಳಗಿನಿಂದ ಹೊರಟು ತೊಡೆ, ಮೀನಖಂಡ ದಾಟಿ ಪಾದಕ್ಕಿಳಿಯುವ ನೋವಿಗೆ ಆಯುರ್ವೇದದ ಹೆಸರು ಗೃಧ್ರಸಿ. ಸಂಸ್ಕೃತದಲ್ಲಿ ‘ಗೃಧ್ರ’ ಎಂದರೆ ರಣಹದ್ದು. ರೋಗಿಯ ನಡಿಗೆ ರಣಹದ್ದಿನಂತಾಗುತ್ತದೆ ಎಂಬುದು ರೂಢಿಯ ವಿವರಣೆ. ನೋವು ಇಳಿಯುವ ದಾರಿಯನ್ನು ಚರಕಸಂಹಿತೆ ಅಂಗ ಅಂಗವಾಗಿ ಹೇಳುತ್ತದೆ.

ಮೂಡುಬಿದಿರೆಯ ಆಯುರ್ವೇದ ಕಾಲೇಜಿನಲ್ಲಿ ಇದು ಪಾಠದ ಪದ. ಬಂಟ್ವಾಳ, ಬೆಳ್ತಂಗಡಿ ಕಡೆ ಬಗ್ಗಿ ಕೂತು ಬೀಡಿ ಕಟ್ಟುವವರ, ಅಡಿಕೆ ಗೋಣಿ ಹೊರುವವರ ಬಾಯಲ್ಲಿ ಮಾತ್ರ ‘ಸೊಂಟ ಹಿಡಿದಿದೆ’, ತುಳುವಿನಲ್ಲಾದರೆ ‘ಬೆರಿಬೇನೆ’. ಎಂಆರ್‌ಐ ಮಾಡಿಸಿ ಬಂದ ಮೇಲೆ ‘ಡಿಸ್ಕ್ ಜಾರಿದೆ’. ಈ ಮಾತು ತುಸು ದಾರಿ ತಪ್ಪಿಸುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಇಡಿಯಾಗಿ ಜಾರುವುದಿಲ್ಲ; ಅದರ ಹೊರಪದರ ಹರಿದು ಒಳಗಿನ ಮೆದುಭಾಗ ಹೊರಚಾಚಿ ನರವನ್ನು ಒತ್ತುತ್ತದೆ. ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು.

ನರ ಹೀಗೆ ಒತ್ತಿಹೋಗಿದೆಯೇ ಎಂದು ತಿಳಿಯಲು, ಮಲಗಿಸಿ ಕಾಲನ್ನು ನೇರವಾಗಿ ಎತ್ತುವ ಪರೀಕ್ಷೆ ಇಂದಿಗೂ ಒಳ್ಳೆಯ ಸುಳಿವು. ಹೆಚ್ಚಿನವರಿಗೆ ಶಸ್ತ್ರಕ್ರಿಯೆ ಇಲ್ಲದೆಯೇ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿ ಹಿತವೆನಿಸಬಹುದು. ಆದರೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆಯನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.